ಮಲ್ಲಯ್ಯನ ಗುಡಿಯ ಬೆಚ್ಚನೆಯ ಪೆಟ್ಟಿಗೆ

ದೀಪದೊಳಗೆ ಬೆಳಕಾಗಿ, ಒಲೆಯೊಳಗೆ ಬಿಸಿಯಾಗಿ, ಹಾಡುವವರ ಕೊರಳೊಳಗೆ ಉಸಿರಾಗಿ ಇರುವ ಸ್ವಾಮಿ ಮಲ್ಲಯ್ಯನಿಗೆ ಮೊದಲು ಕೈಮುಗಿಯೋಣ. ಅವನ ಹೆಸರು ಹೇಳದೆ ನಮ್ಮ ಹಿರಿಯರು ಕಥೆ ಶುರುಮಾಡುತ್ತಿರಲಿಲ್ಲ. ನಾನೂ ಮಾಡುವುದಿಲ್ಲ. ಮಕ್ಕಳೇ, ಹತ್ತಿರ ಬನ್ನಿ. ದೊಡ್ಡವರೂ ಕೂತು ಕೇಳಬಹುದು.

ಒಂದು ನೇಕಾರರ ಊರಿತ್ತು. ರೇಡಿಯೊಗಳ ಹೊಟ್ಟೆಯಲ್ಲಿ ಗಾಜಿನ ವಾಲ್ವುಗಳು ಸಣ್ಣ ದೀಪಗಳ ಹಾಗೆ ಉರಿಯುತ್ತಿದ್ದ ಕಾಲ ಅದು. ಗುಂಡಿ ತಿರುಗಿಸಿದ ಕೂಡಲೇ ಹಾಡು ಬರುತ್ತಿರಲಿಲ್ಲ. ವಾಲ್ವು ಕೆಂಪಗೆ ಬಿಸಿಯಾಗುವ ತನಕ ಮನೆಮಂದಿಯೆಲ್ಲ ಪೆಟ್ಟಿಗೆಯ ಮುಂದೆ ಸುಮ್ಮನೆ ಕೂತಿರಬೇಕಿತ್ತು. ಈಗ ನೆನೆಸಿಕೊಂಡರೆ ಆ ಸುಮ್ಮನೆ ಕೂತ ಹೊತ್ತೇ ಹಾಡಿಗಿಂತ ಇಂಪಾಗಿತ್ತೇನೋ ಅನ್ನಿಸುತ್ತದೆ.

ಆ ಊರಿಗೆ ಬೆಳಗಾಗುತ್ತಿದ್ದುದು ಕೋಳಿಯಿಂದಲ್ಲ, ಸಾವಂತ್ರೆವ್ವನಿಂದ. ಬೆಳ್ಳಿ ಮೂಡುವ ಹೊತ್ತಿಗೆ ಆಕೆ ಮಿಂದು, ಹಣೆತುಂಬ ವಿಭೂತಿ ಹಚ್ಚಿಕೊಂಡು, ಮಲ್ಲಯ್ಯನ ಗುಡಿಯ ಕಟ್ಟೆಯ ಮೇಲೆ ಕೂತು ಸ್ವಾಮಿಯನ್ನು ಎಬ್ಬಿಸುವ ಹಾಡು ಹಾಡುತ್ತಿದ್ದಳು. ಹಾಡು ಮುಗಿದ ಮೇಲೆಯೇ ಮೊದಲ ಮಗ್ಗ ಅಲುಗಬೇಕು. ಅದು ಆ ಊರಿನ ಕಟ್ಟಳೆ. ಕೊನೆಯ ಸೊಲ್ಲು ನಿಂತಿತೋ, ಓಣಿಯಿಂದ ಓಣಿಗೆ ಲಟಕ್ ಪಟಕ್ ಅಂತ ಕುಣಿಮಗ್ಗಗಳ ಸದ್ದು ಹಬ್ಬಿಕೊಳ್ಳುತ್ತಿತ್ತು. ಗಂಜಿ ಕಾಸುವ ವಾಸನೆ, ನೂಲಿಗೆ ಹಾಕಿದ ಬಣ್ಣದ ವಾಸನೆ, ಮಲ್ಲಯ್ಯನ ಗುಡಿಯ ಲೋಬಾನದ ವಾಸನೆ ಎಲ್ಲ ಸೇರಿ ಒಂದೇ ಆಗುತ್ತಿದ್ದವು. ಆ ವಾಸನೆಗೆ ಹೆಸರಿರಲಿಲ್ಲ. ಅದು ಬೆಳಗಿನ ವಾಸನೆ, ಅಷ್ಟೇ.

ವಯಸ್ಸು ಯಾರನ್ನು ಬಿಟ್ಟಿದೆ? ಸಾವಂತ್ರೆವ್ವನ ದನಿ ಬರಬರುತ್ತ ತೆಳ್ಳಗಾಯಿತು. ಮೊದಲು ಕೆರೆ ಓಣಿಗೆ ಕೇಳದಾಯಿತು. ಆಮೇಲೆ ಬಣಗಾರರ ಓಣಿಗೂ ಕೇಳದಾಯಿತು. ಹಾಡು ಮುಗಿಯಿತೋ ಇಲ್ಲವೋ ತಿಳಿಯದೆ ಕೆಲವರು ಮಗ್ಗ ಬೇಗ ಶುರುಮಾಡಿದರು, ಕೆಲವರು ತಡವಾಗಿ. ಒಂದು ದಿನ ಬಾವಿಕಟ್ಟೆಯಲ್ಲಿ ಯಾರೋ ತಮಾಷೆಗೆ ಕೇಳಿದರು:

"ಯವ್ವಾ, ಇವತ್ತ ಹಾಡಿದ್ಯೋ, ಬರೇ ಬಾಯಿ ಆಡಿಸಿದ್ಯೋ?"

ಎಲ್ಲರೂ ನಕ್ಕರು. ಸಾವಂತ್ರೆವ್ವನೂ ನಕ್ಕಳು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಈ ಮಾತು ಗೂಳಪ್ಪನಿಗೆ ತಿಳಿಯಿತು. ಗೂಳಪ್ಪ ನೇಕಾರರ ಮನೆಯ ಮಗ; ಆದರೆ ಮಗ್ಗದ ಬದಲು ರೇಡಿಯೊಗೆ ಒಲಿದವನು. ಊರಿನ ಚಾವಡಿಯ ಪಕ್ಕ ರೇಡಿಯೊ ರಿಪೇರಿ ಮಾಡುತ್ತಿದ್ದ ಮೋನಪ್ಪನವರ ಶಿಷ್ಯನಾಗಿ ಕೆಲಸ ಕಲಿತು ಮೀಸೆ ಬಲಿತ ಗಂಡಸಾಗಿದ್ದ. ತೊಟ್ಟಿಲಲ್ಲಿದ್ದಾಗಿನಿಂದ ಅವನು ಎದ್ದದ್ದು ಸಾವಂತ್ರೆವ್ವನ ಹಾಡಿಗೇ.

ಅವನು ಆಕೆಯ ಹೊಸ್ತಿಲಲ್ಲಿ ಕೂತು ಹೇಳಿದ: "ಅವ್ವಾ, ನಿನ್ನ ದನಿ ಸಣ್ಣದಾದ್ರ ಆಗ್ಲಿ. ನಾ ಅದನ್ನ ದೊಡ್ಡದು ಮಾಡೋ ಪೆಟಗಿ ಮಾಡಿಕೊಡ್ತೀನಿ. ಕೆರಿ ಓಣಿ ಅಷ್ಟ ಅಲ್ಲ, ಕೆರ್‍ಯಾಗಿನ ಮೀನಿಗೂ ಕೇಳಬೇಕು."

"ಮೀನ ಏನ್ ನೇಯ್ತಾವೇನೋ?" ಅಂದಳು ಸಾವಂತ್ರೆವ್ವ. ಅಳು ನಿಂತಿತ್ತು. ಆಮೇಲೆ ಹೇಳಿದಳು: "ಆಗ್ಲಪಾ, ಮಾಡು. ಆದ್ರ ಒಂದ್ ಮಾತು. ಆ ಪೆಟಗಿ ಎಂದ್ ಹಾಡಿನ ನಡುವ ನಿಂತು ಹೋಗ್ತದೋ, ಅಂದು ಮಲ್ಲಯ್ಯ 'ಸಾಕು, ಬಾಯಿ ಮುಚ್ಚು' ಅಂದ ಅಂತ ತಿಳೀತೀನಿ. ಆಮ್ಯಾಲೆ ನನ್ನ ಯಾರೂ ಕರೀಬ್ಯಾಡ್ರಿ."

ಗೂಳಪ್ಪ ನಕ್ಕು, "ನನ್ನ ಪೆಟಗಿ ನಿಲ್ಲೂದಿಲ್ಲವ್ವಾ," ಅಂದ. ಆ ನಗುವನ್ನು ನೆನಪಿಟ್ಟುಕೊಳ್ಳಿ ಮಕ್ಕಳೇ.

ಊರೂರು ತಿರುಗುವ ಟೆಂಟ್ ಸಿನಿಮಾದವರು ಬಿಟ್ಟುಹೋದ ಒಂದು ಹಳೆಯ ಟ್ರಾನ್ಸ್‌ಫಾರ್ಮರ್ ಮೋನಪ್ಪನವರ ಅಂಗಡಿಯ ಮೂಲೆಯಲ್ಲಿ ಬಿದ್ದಿತ್ತು. ಗೂಳಪ್ಪ ಅದನ್ನು ಒರೆಸಿ, ಅದಕ್ಕೆ ತಂತಿ ಜೋಡಿಸಿ, ವಾಲ್ವುಗಳಿಗೆ ಹೆಚ್ಚು ವೋಲ್ಟಿನ ಕರೆಂಟು ಒದಗಿಸುವ ಪವರ್ ಸಪ್ಲೈ ತಾನೇ ಕಟ್ಟಿದ. ಬೆಸುಗೆಯ ರಾಳದ ಹೊಗೆಯಲ್ಲಿ ಕಣ್ಣು ಕೆಂಪಾದವು. ಮೋನಪ್ಪನವರು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಅಡಿಕೆ ಅಗಿಯುತ್ತ ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ ಬೆಂಚಿನ ಹತ್ತಿರ ಬಂದರು.

"ಗೂಳ್ಯಾ, ಇದು ಎಷ್ಟು ವೋಲ್ಟ್ ಕೊಡ್ತದ?"

"ನಾನೂರ್ರೀ."

"ವಾಲ್ವಿಗೆ ಎಷ್ಟು ಬೇಕು?"

"ಮುನ್ನೂರು."

"ಉಳಿದ ನೂರು ಯಾರ ಮನಿಗೆ ಹೋಗ್ತದ?"

ಗೂಳಪ್ಪ ಬೆರಳಷ್ಟು ಉದ್ದದ ಒಂದು ರೆಸಿಸ್ಟರನ್ನು ತೋರಿಸಿದ. "ನಡುವ ಇದನ್ನ ಕುಂದರ್ಸೀನ್ರೀ. ಹೆಚ್ಚಾಗಿದ್ದು ಇದು ನುಂಗ್ತದ."

"ನುಂಗಿ ಸುಮ್ನ ಇರ್ತದೇನು?"

"ಇಲ್ರೀ. ಬಿಸಿ ಆಗ್ತದ."

"ಎಷ್ಟು ಬಿಸಿ? ಲೆಕ್ಕ ಹಾಕು. ಬರೇ ವೋಲ್ಟ್ ನೋಡಿ ಸರ್ಕೀಟು ಕಟ್ಟಾಂವ ಅರ್ಧ ಮೆಕ್ಯಾನಿಕ್ಕು. ಬಿಸಿ ನೋಡಾಂವ ಪೂರಾ ಮೆಕ್ಯಾನಿಕ್ಕು."

ಗೂಳಪ್ಪ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ. ರೆಸಿಸ್ಟರಿನ ಎರಡು ತುದಿಗಳ ನಡುವೆ ನೂರು ವೋಲ್ಟು. ಅದರೊಳಗೆ ಹರಿಯುವುದು ಅರವತ್ತು ಮಿಲಿಆಂಪಿಯರ್ ಕರೆಂಟು. ಎರಡನ್ನೂ ಗುಣಿಸಿದರೆ ಆರು ವ್ಯಾಟ್. ಅಷ್ಟೂ ಬಿಸಿಯಾಗಿ ಹೊರಗೆ ಬರಬೇಕು. ರೆಸಿಸ್ಟರು ಹತ್ತು ವ್ಯಾಟ್ ತಾಳುವಂಥದ್ದು.

"ಆರಕ್ಕ ಹತ್ತು. ಧಾರಾಳ ಆತಲ್ರೀ," ಅಂದ.

ಮೋನಪ್ಪನವರು ತಲೆ ಅಲ್ಲಾಡಿಸಿದರು. "ಹತ್ತು ಅನ್ನೂದು ಬಯಲಾಗಪಾ, ಗಾಳಿ ಆಡೋ ಜಾಗದಾಗ. ಪೆಟಗಿ ಒಳಗ ಹಾಕಿದ್ರ ಅದರ ತಾಕತ್ತು ಕಡಿಮಿ ಆಗ್ತದ. ಬಾಜೂಕ ವಾಲ್ವು ಕುಂತಾವು, ಅವುಗಳದೂ ಬಿಸಿ ಐತಿ. ಇಪ್ಪತ್ತರದ್ದು ಸಿಕ್ಕರ ಹಾಕು. ಸಿಗೂತನಕ ಇದ ಇರ್ಲಿ, ಆದ್ರ ಗಾಳಿಗೆ ದಾರಿ ಬಿಡು."

ಆಮೇಲೆ ಪರೀಕ್ಷೆ. ಮೋನಪ್ಪನವರದೊಂದು ಪದ್ಧತಿ ಇತ್ತು. ಹೈವೋಲ್ಟೇಜ್ ಕೆಲಸಕ್ಕೆ ಕೈಹಾಕುವ ಮುಂಚೆ ಎಡಗೈಯನ್ನು ಬೆನ್ನ ಹಿಂದೆ ಧೋತರದ ನಡುವಿಗೆ ಸಿಕ್ಕಿಸಿಕೊಳ್ಳುವರು. ಎರಡೂ ಕೈ ತಾಗಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆ. ಒಂದೇ ಕೈ ಆದರೆ ಬದುಕುವ ದಾರಿ ಇರುತ್ತದೆ. ಕರೆಂಟು ಆರಿಸಿದ ಮೇಲೂ ವಿದ್ಯುತ್ತನ್ನು ಕೂಡಿಡುವ ಕಂಡೆನ್ಸರುಗಳ ಹೊಟ್ಟೆಯಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದನ್ನು ನೆಲಕ್ಕೆ ಇಳಿಸಲು ಮರದ ಹಿಡಿಕೆಯ ತಂತಿಯನ್ನು ಮುಟ್ಟಿಸಿ, "ಭೂಮ್ತಾಯೀ, ತಗೋ," ಅನ್ನುವರು. ಒಮ್ಮೆ ಅಲ್ಲ, ಎರಡು ಸಲ. ಆಮೇಲೆ ಮಾತ್ರ, ಅಂಗೈಯನ್ನಲ್ಲ, ಕೈಯ ಹಿಂಬದಿಯನ್ನು ರೆಸಿಸ್ಟರಿನ ಹತ್ತಿರ ಒಯ್ದು ಬಿಸಿ ನೋಡುವರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ.

ಬೆಂಚಿನ ಮೇಲೆ ಎಲ್ಲ ಸರಿಯಾಗಿತ್ತು. ಬಿಸಿ ಇತ್ತು, ಆದರೆ ತಾಳುವಷ್ಟು.

ಮರುದಿನ ಮೋನಪ್ಪನವರು ತಂಗಿಯ ಊರಿಗೆ ಹೊರಟರು. ಬಸ್ಸು ಹತ್ತುವಾಗ ಶಿಷ್ಯನ ಹೆಗಲು ಹಿಡಿದು ಹೇಳಿದರು: "ಬೆಂಚಿನ ಮ್ಯಾಲೆ ನೋಡಿದ್ದು ಬೆಂಚಿಗೆ ಅಷ್ಟ. ಗುಡಿಯೊಳಗ ಅದು ಹೆಂಗ ಇರ್ತದೋ ಹಂಗ ಇಟ್ಟು, ಪೂರಾ ಹಾಡು ಮುಗಿಯೂತನಕ ನಡಿಸಿ, ಮತ್ತೊಮ್ಮೆ ಕೈ ಹಿಡಿದು ನೋಡು. ಮರೀಬ್ಯಾಡ."

"ಆತ್ರೀ ಗುರುಗಳೇ," ಅಂದ ಗೂಳಪ್ಪ.

ಶುಭ ಸೋಮವಾರ ಪೆಟ್ಟಿಗೆ ಗುಡಿಗೆ ಬಂತು. ಗೂಳಪ್ಪ ಗೋಪುರದ ಮೇಲೆ ಸ್ಪೀಕರು ಕಟ್ಟಿದ. ಗುಡಿಯ ಪೂಜಾರಿ ಅಡಿವೆಯ್ಯ ಮಲ್ಲಯ್ಯನ ಗರ್ಭಗುಡಿಯ ಎದುರಿಗೇ ಮಣೆ ಹಾಕಿ ಜಾಗ ಕೊಟ್ಟ. ಸಾವಂತ್ರೆವ್ವ ಮೈಕಿನ ಮುಂದೆ ಕೂತು, ಒಮ್ಮೆ ಕೆಮ್ಮಿ, ತನ್ನ ಕೆಮ್ಮು ಗೋಪುರದ ಮೇಲಿಂದ ಕೇಳಿದ್ದಕ್ಕೆ ತಾನೇ ಬೆಚ್ಚಿಬಿದ್ದಳು. ಆಮೇಲೆ ಹಾಡಿದಳು. ಕೆರೆ ಓಣಿಯ ಮುದುಕರು ಹಾಸಿಗೆಯಲ್ಲಿ ಎದ್ದು ಕೂತು ಕಣ್ಣೊರೆಸಿಕೊಂಡರಂತೆ. ಹಾಡು ನಿಂತಿತು. ಇಡೀ ಊರಿನ ಮಗ್ಗಗಳು ಒಂದೇ ಉಸಿರಿಗೆ ಶುರುವಾದವು. ಎಷ್ಟೋ ಕಾಲದ ಮೇಲೆ ಹಾಗೆ ಆಗಿತ್ತು.

ಆ ಊರಿನಲ್ಲಿ ಒಂದು ಸಂಪ್ರದಾಯ ಉಂಟು. ಊರಿಗೆ ಹೊಸದಾಗಿ ಬಂದ ಯಾವುದನ್ನೇ ಆಗಲಿ, ಮಗ್ಗದಿಂದ ಅಂದೇ ಕೊಯ್ದ ಹೊಸ ಬಟ್ಟೆ ಹೊದಿಸದೆ ಬರಮಾಡಿಕೊಳ್ಳುವುದಿಲ್ಲ. ಹಸುಗೂಸಿಗೆ ಹೊದಿಸುತ್ತಾರೆ, ಸೊಸೆಗೆ ಹೊದಿಸುತ್ತಾರೆ, ಈದ ಎಮ್ಮೆಯ ಕರುವಿಗೂ ಹೊದಿಸುತ್ತಾರೆ. ಊರಿಗೆ ಮೊದಲ ಬಸ್ಸು ಬಂದಾಗ ಅದರ ಮೂತಿಗೆ ಸೀರೆ ಹೊದಿಸಿ, ದಾರಿ ಕಾಣದೆ ಡ್ರೈವರು ಬೈದ ಕಥೆ ಈಗಲೂ ಹೇಳುತ್ತಾರೆ. ನೇಯುವವರು ಮರ್ಯಾದೆ ಕೊಡುವುದು ಹಾಗೇ. ಅವರ ಕೈಯಲ್ಲಿ ಇರುವುದು ಬಟ್ಟೆ ತಾನೆ?

ಮೂಲೆಮನೆಯ ಕಾಶವ್ವ ಊರಿಗೇ ನುರಿತ ನೇಕಾರ್ತಿ. ಆಕೆ ಕುಂಕುಮ ಬಣ್ಣದ ದಪ್ಪ ರೇಷ್ಮೆಯ ತುಂಡು ತಂದು ಪೆಟ್ಟಿಗೆಗೆ ಹೊದಿಸಿ, ಅಂಚನ್ನು ಅಚ್ಚುಕಟ್ಟಾಗಿ ಕೆಳಗೆ ಸಿಕ್ಕಿಸಿದಳು. ಗೂಳಪ್ಪ ಗಾಳಿಗೆಂದು ಕೊರೆದಿದ್ದ ತೂತುಗಳೆಲ್ಲ ಮುಚ್ಚಿಹೋದವು. ಗೂಳಪ್ಪ ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಾಶವ್ವ ಬಟ್ಟೆಯ ಮೇಲೆ ಅಂಗೈ ಇಟ್ಟು ಕೂಗಿದಳು:

"ಅಯ್ಯ ನನ್ನಪ್ಪಾ! ಬೆಚ್ಚಗ ಐತಿ ನೋಡ್ರೇ! ಉಸರಾಡ್ತದ!"

ಅಡಿವೆಯ್ಯ ಮುಟ್ಟಿ ನೋಡಿ ಕಣ್ಣಿಗೆ ಒತ್ತಿಕೊಂಡ. "ಮಲ್ಲಯ್ಯ ಎದ್ದು ಬಂದು ಇದರಾಗ ಕುಂತಾನ," ಅಂದ.

ಮಾಗಿಯ ಚಳಿಗಾಲ. ಬೆಳಗಿನ ಜಾವ ಗುಡಿಯ ಕಲ್ಲು ಮಂಜಿನ ಹಾಗೆ ಕೊರೆಯುತ್ತಿತ್ತು. ಆ ಚಳಿಯಲ್ಲಿ ಬೆಚ್ಚನೆಯ ಪೆಟ್ಟಿಗೆ ಯಾರಿಗೆ ಬೇಡ? ಜನ ಸಾಲುಗಟ್ಟಿ ಬಂದು ಮುಟ್ಟಿ ನಮಸ್ಕರಿಸಿದರು. ಬಸುರಿಯರು ಬಂದರು, ಕೀಲುನೋವಿನವರು ಬಂದರು. ಸಾವಂತ್ರೆವ್ವ ಹಾಡುವ ಮುಂಚೆ ಅದರ ಮೇಲೆ ಎರಡೂ ಕೈಯಿಟ್ಟು ಬೆರಳು ಕಾಸಿಕೊಳ್ಳುತ್ತಿದ್ದಳು. ಮನೆಗೊಂದರಂತೆ ಬಟ್ಟೆಗಳೂ ಬಂದವು. ಒಂದರ ಮೇಲೊಂದು. ಅಂಚಿನ ಮೇಲೆ ಅಂಚು. ಬಟ್ಟೆ ಹೆಚ್ಚಿದಷ್ಟೂ ಬಿಸಿ ಹೆಚ್ಚಿತು. ಬಿಸಿ ಹೆಚ್ಚಿದಷ್ಟೂ ಭಕ್ತಿ ಹೆಚ್ಚಿತು. ಭಕ್ತಿ ಹೆಚ್ಚಿದಷ್ಟೂ ಮತ್ತೆ ಬಟ್ಟೆ.

ಗೂಳಪ್ಪನಿಗೆ ತಿಳಿಯಲಿಲ್ಲವೇ? ತಿಳಿಯಿತು. ಹಾಡು ಮುಗಿದ ಮೇಲೆ ಒಬ್ಬನೇ ಇದ್ದಾಗ ಅವನೂ ಬಟ್ಟೆಯ ಮೇಲೆ ಕೈಯಿಟ್ಟ. ಇದು ಆರು ವ್ಯಾಟಿನ ಬಿಸಿ, ವಾಲ್ವಿನ ಬಿಸಿ, ಹೊರಗೆ ಹೋಗಲು ದಾರಿ ಸಿಗದೆ ಸುತ್ತುತ್ತಿರುವ ಬಿಸಿ, ಅಂತ ಅವನ ಕೈಗೆ ಗೊತ್ತಾಯಿತು. ಗುರುಗಳ ಮಾತು ನೆನಪಾಯಿತು. ಬಟ್ಟೆಯನ್ನೆಲ್ಲ ತೆಗೆದಿಡಬೇಕು, ಪೆಟ್ಟಿಗೆ ಬಿಚ್ಚಬೇಕು, ನೋಡಬೇಕು. ಆದರೆ ಬಟ್ಟೆ ತೆಗೆದರೆ ಊರು ಏನನ್ನುತ್ತದೆ? ದೇವರ ಮೇಲಿನ ವಸ್ತ್ರ ಎಳೆದವ ಅನ್ನುವುದಿಲ್ಲವೇ? ಅದೂ ಅಲ್ಲದೆ, ಓಣಿಯಲ್ಲಿ ಹೋಗುವಾಗ ಜನ ಅವನನ್ನು ನೋಡುವ ರೀತಿಯೇ ಬದಲಾಗಿತ್ತು.

"ಏ ಗೂಳಪ್ಪಾ," ಅನ್ನುವಳು ಕಾಶವ್ವ, ಮಗ್ಗದ ಕುಣಿಯಿಂದ ಕತ್ತು ಎತ್ತಿ, "ನಿಮ್ಮವ್ವ 'ಮಗ ಮಗ್ಗ ಬಿಟ್ಟ, ಹಾಳಾದ' ಅಂತಿದ್ಲು. ಈಗ ನೋಡು, ಮಲ್ಲಯ್ಯಗ ಮನಿ ಕಟ್ಟಿಕೊಟ್ಟಾನ!"

ಅವನು ನಾಚಿ ನಗುವನು. ಆ ಮಾತು ಅವನಿಗೂ ಬೆಚ್ಚಗಿತ್ತು. 'ಆರಕ್ಕೆ ಹತ್ತು, ನಡೆಯುತ್ತದೆ' ಅಂದುಕೊಂಡ. 'ಗುರುಗಳು ಬಂದ ಮೇಲೆ ನೋಡಿದರಾಯಿತು' ಅಂದುಕೊಂಡ.

ಚಳಿ ಬಹಳ ಬಿದ್ದ ಒಂದು ಮುಂಜಾನೆ. ಹುಣ್ಣಿಮೆಯಾದ್ದರಿಂದ ಗುಡಿ ತುಂಬ ಜನ. ಹಿಂದಿನ ಸಂಜೆ ಬಂದ ಬಟ್ಟೆಗಳೂ ಸೇರಿ ಪೆಟ್ಟಿಗೆ ಮದುಮಗಳ ಹಾಗೆ ಕೂತಿತ್ತು. ಸಾವಂತ್ರೆವ್ವ ಕಣ್ಣು ಮುಚ್ಚಿ ಹಾಡುತ್ತಿದ್ದಳು. ಸ್ವಾಮಿಯನ್ನು ಎಬ್ಬಿಸಿ ಆಗಿತ್ತು. ಮುಖ ತೊಳೆಸುವ ನುಡಿಗೆ ಬಂದಿದ್ದಳು.

"ಇದ್ಯಾವ ಹೊಸ ಧೂಪಾನೋ, ಭಾರಿ ಘಾಟ ಐತಿ," ಅಂದ ಅಡಿವೆಯ್ಯ, ಮೂಗು ಅರಳಿಸಿ.

ವಾಸನೆ ಗೂಳಪ್ಪನ ಮೂಗಿಗೂ ಬಡಿಯಿತು. ಅದು ಧೂಪವಲ್ಲ. ಸುಡುವ ಬಣ್ಣದ ವಾಸನೆ, ಸುಡುವ ರೇಷ್ಮೆಯ ವಾಸನೆ. ಅವನು ಜನರ ನಡುವೆ ದಾರಿ ಮಾಡಿಕೊಳ್ಳುವಷ್ಟರಲ್ಲಿ ಗೋಪುರದ ಮೇಲಿನ ದನಿ ಒಮ್ಮೆ ನಡುಗಿತು, ಇಳಿಯಿತು, ಇಲ್ಲವಾಯಿತು.

ಸಾವಂತ್ರೆವ್ವ ಇನ್ನೂ ಒಂದು ಸಾಲು ಹಾಡಿದಳು. ಆಮೇಲೆ ತನ್ನ ದನಿ ತನಗೆ ಮಾತ್ರ ಕೇಳುತ್ತಿದೆ ಎಂದು ತಿಳಿದು ಕಣ್ಣು ತೆರೆದಳು.

ಅಡಿವೆಯ್ಯ ಪೆಟ್ಟಿಗೆಗೆ ಏನಾಯಿತೋ ಅಂತ ಗಾಬರಿಯಾಗಿ ಎರಡೂ ಕೈಯಿಂದ ಬಟ್ಟೆ ಸರಿಸಿ, ಹಿಂದಿನ ಹಲಗೆ ತೆಗೆಯಲು ಹೋದ.

"ಕೈ ಹಚ್ಚಬ್ಯಾಡ್ರೀ!" ಗೂಳಪ್ಪ ಚೀರಿದ. "ಸಾಯ್ತೀರಿ!"

ಕರೆಂಟು ಆರಿಸಿದ. ಎಡಗೈಯನ್ನು ಬೆನ್ನ ಹಿಂದೆ ಸಿಕ್ಕಿಸಿಕೊಂಡ. ಹಲಗೆ ತೆಗೆದು, ಮರದ ಹಿಡಿಕೆಯ ತಂತಿ ಹಿಡಿದು, "ಭೂಮ್ತಾಯೀ, ತಗೋ," ಅಂದ. ಚಟ್ ಅಂತ ನೀಲಿ ಕಿಡಿ ಹಾರಿತು. ರೆಸಿಸ್ಟರು ತುಂಡಾಗಿತ್ತು. ಕಂಡೆನ್ಸರಿನಲ್ಲಿ ತುಂಬಿದ ವಿದ್ಯುತ್ತಿಗೆ ಇಳಿಯಲು ದಾರಿಯಿರಲಿಲ್ಲ. ಯಾರ ಕೈ ತಾಗಿದ್ದರೂ ಆ ಕಿಡಿ ಅವರ ಎದೆಯಲ್ಲಿ ಹಾರುತ್ತಿತ್ತು. ಮಲ್ಲಯ್ಯ ಕಾಯ್ದ. ಗೂಳಪ್ಪ ಎರಡನೇ ಸಲವೂ ತಂತಿ ಮುಟ್ಟಿಸಿದ.

ಕಾಶವ್ವನ ಕುಂಕುಮ ರೇಷ್ಮೆಯ ನಡುವೆ ಅಂಗೈ ಅಗಲ ಕರಕಲಾಗಿತ್ತು.

ಯಾರೂ ಗೂಳಪ್ಪನನ್ನು ಬೈಯಲಿಲ್ಲ. ಅದೇ ಕಷ್ಟದ ಸಂಗತಿ. ಜನ ಕೈಮುಗಿದು ಹಿಂದೆ ಸರಿದರು. "ಸ್ವಾಮಿ ಮುನಿದಾನ," ಅಂದರು ಕೆಲವರು. ಸಾವಂತ್ರೆವ್ವ ನಿಧಾನವಾಗಿ ಎದ್ದು, ಸೆರಗು ಹೊದ್ದುಕೊಂಡಳು.

"ಸಾಕು ಅಂದ್ನಪಾ ನನ್ನಪ್ಪ," ಅಂದಳು. ಅಳಲಿಲ್ಲ. "ಮುಖಾನೂ ತೊಳಸ್ಕೊಳ್ಲಿಲ್ಲ, ನನ್ನ ದನಿ ಅಷ್ಟು ಬ್ಯಾಸರ ಆಗಿತ್ತು ಅವಗ."

ಮನೆಗೆ ಹೋದಳು. ಮರುದಿನ ಬರಲಿಲ್ಲ. ಆ ಮುಂಜಾನೆ ಊರಿನ ಮಗ್ಗಗಳು ಒಂದೊಂದಾಗಿ, ತಬ್ಬಲಿಗಳ ಹಾಗೆ, ತಮಗೆ ತೋಚಿದಾಗ ಶುರುವಾದವು.

ಅಂದೇ ಮೋನಪ್ಪನವರು ಊರಿಗೆ ಮರಳಿದರು. ಗೂಳಪ್ಪ ಸುಟ್ಟ ರೆಸಿಸ್ಟರನ್ನು ಬೆಂಚಿನ ಮೇಲಿಟ್ಟ.

"ಗುಡಿಯೊಳಗ ನೋಡಿದ್ಯೇನು?" ಗುರುಗಳು ಕೇಳಿದರು.

"ಇಲ್ರೀ."

"ಬಿಸಿ ಗೊತ್ತಾಗಿತ್ತೇನು?"

ಗೂಳಪ್ಪ ತಲೆ ತಗ್ಗಿಸಿದ. "ಗೊತ್ತಾಗಿತ್ರೀ. ಎಲ್ಲಾರೂ ಮಲ್ಲಯ್ಯ ಅಂದ್ರು. ನಾ... ಹೌದು ಅಂತ ಸುಮ್ನಾದೆ."

ಮೋನಪ್ಪನವರು ಬೈಯಲಿಲ್ಲ. ತಮ್ಮ ಕೈಚೀಲದಲ್ಲಿ ಕೈಯಾಡಿಸಿ, ತಂಗಿಯ ಊರಿನಿಂದ ತಂದಿದ್ದ ದಪ್ಪನೆಯ ರೆಸಿಸ್ಟರು ಒಂದನ್ನು ಅವನ ಮುಂದೆ ಇಟ್ಟರು. "ಇಪ್ಪತ್ತೈದು ವ್ಯಾಟಿಂದು. ಇದನ್ನ ಹಾಕೂದು ಚಣದ ಕೆಲಸ. ಆದ್ರ ಆ ಮುದುಕಿ ಎದ್ಯಾಗ ಸುಟ್ಟಿದ್ದನ್ನ ಯಾರು ಬದಲು ಮಾಡ್ತಾರ? ಅದಕ್ಕ ನನ್ನ ಅಂಗಡ್ಯಾಗ ಸಾಮಾನಿಲ್ಲ ಗೂಳ್ಯಾ. ನಿನ್ನ ಕಡೀನ ಐತಿ."

ಗೂಳಪ್ಪ ಸುಟ್ಟ ರೆಸಿಸ್ಟರನ್ನು ಕಿಸೆಗೆ ಹಾಕಿಕೊಂಡು ಹೊರಟ. ಸಾವಂತ್ರೆವ್ವನ ಅಂಗಳದಲ್ಲಿ ಕಾಶವ್ವ, ಅಡಿವೆಯ್ಯ, ಓಣಿಯ ಜನ ಕೂತಿದ್ದರು. ಒಬ್ಬಳೇ ಇದ್ದಾಗ ಹೇಳಿದ್ದರೆ ಸುಲಭವಾಗುತ್ತಿತ್ತು. ಅವನು ಎಲ್ಲರ ಎದುರಿಗೇ ಆಕೆಯ ಕಾಲ ಬಳಿ ಕೂತ.

"ಅವ್ವಾ, ನಿನ್ನ ಸಾಕು ಅಂದಾಂವ ಮಲ್ಲಯ್ಯ ಅಲ್ಲ. ನಾನು."

"ಏನ್ ಮಾತಾಡ್ತೀಯೋ ಹುಚ್ಚ?"

ಅವನು ಕಪ್ಪಾದ ರೆಸಿಸ್ಟರನ್ನು ಆಕೆಯ ಅಂಗೈಯಲ್ಲಿಟ್ಟ. "ಹೆಚ್ಚಾಗಿ ಬಂದ ಕರೆಂಟಿನ ಭಾರಾನೆಲ್ಲಾ ಇದೊಂದ ಹೊರತಿತ್ತವ್ವಾ. ಹೊರೆ ಹೊತ್ತವರಿಗೆ ಬೆವರು ಬರ್ತದಿಲ್ಲೋ? ಬಿಸಿಲಾಗ ಹೊರೆ ಹೊತ್ತು ಬರೋ ಹೆಣ್ಮಗಳಿಗೆ ಮ್ಯಾಲೆ ಹತ್ತು ಕಂಬಳಿ ಹೊದಿಸಿದ್ರ ಏನಾಗ್ತಾಳ?"

"ಬಿದ್ದು ಸಾಯ್ತಾಳ."

"ಹಂಗ ಆತು. ಪೆಟಗಿ ಬೆಚ್ಚಗಿದ್ದದ್ದು ಇದರ ಬೆವರಿಗೆ. ಗುರುಗಳು ನೋಡು ಅಂದಿದ್ರು. ನಾ ನೋಡ್ಲಿಲ್ಲ. ಬಟ್ಟಿ ತಗೀರಿ ಅಂತ ನಿಮಗ ಹೇಳಬೇಕಿತ್ತು. ನೀವೆಲ್ಲಾ ನನ್ನ ಹೊಗಳತಿದ್ರಿ, ನಾ ಬಾಯಿ ಮುಚ್ಚಿಕೊಂಡು ಕುಂತೆ. ಅಡಿವೆಯ್ಯಪ್ಪನ ಜೀವಾನೂ ಹೋಗ್ತಿತ್ತು."

ಅಡಿವೆಯ್ಯ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

"ಅಂದ್ರ," ಸಾವಂತ್ರೆವ್ವ ನಿಧಾನವಾಗಿ ಕೇಳಿದಳು, "ನನ್ನ ದನಿ ಸ್ವಾಮಿಗೆ ಬ್ಯಾಸರ ಆಗಿಲ್ಲ?"

"ಮಲ್ಲಯ್ಯ ಹಾಸಿಗ್ಯಾಗ ಎದ್ದು ಕುಂತು, ಮುಖ ತೊಳಸಾಕ ಯಾಕ ಬರ್ಲಿಲ್ಲ ಸಾವಂತ್ರಿ ಅಂತ ನಿನ್ನಿಯಿಂದ ದಾರಿ ನೋಡಾಕತ್ತಿರಬೇಕವ್ವಾ."

ಮುದುಕಿ ಅವನನ್ನು ದಿಟ್ಟಿಸಿ ನೋಡಿದಳು. ಆಮೇಲೆ ಅವನ ಕಿವಿ ಹಿಡಿದು ಹಿಂಡಿದಳು. ಮೀಸೆಯ ಗಂಡಸಿನ ಕಿವಿಯನ್ನು, ಓಣಿಯೆಲ್ಲ ನೋಡುವ ಹಾಗೆ. "ಕಪಿ! ನನ್ನಪ್ಪನ ಮ್ಯಾಲೆ ಸುಳ್ಳ ಹೊರಿಸಿಬಿಟ್ಟಿದ್ನಲ್ಲೋ ನಾನು, ನಿನ್ನಿಂದ!" ಅಂದಳು. ಅನ್ನುತ್ತ ನಕ್ಕಳು. ನಗುತ್ತ ಅತ್ತಳು.

ಮರುದಿನ ಬೆಳಗಿನ ಜಾವ ಪೆಟ್ಟಿಗೆ ಇನ್ನೂ ಬೆಂಚಿನ ಮೇಲೇ ಬಿಚ್ಚಿ ಬಿದ್ದಿತ್ತು. ಆದರೂ ಸಾವಂತ್ರೆವ್ವ ಗುಡಿಗೆ ಬಂದಳು. ಮೈಕಿಲ್ಲ, ಗೋಪುರದ ದನಿಯಿಲ್ಲ. ಆಗ ಏನಾಯಿತು ಗೊತ್ತೇ? ಕೆರೆ ಓಣಿಯವರು, ಬಣಗಾರರ ಓಣಿಯವರು, ಮುದುಕರು, ಕೂಸು ಎತ್ತಿಕೊಂಡ ಹೆಂಗಸರು, ಕೇಳಿಸದಿದ್ದವರೆಲ್ಲ ಕಂಬಳಿ ಹೊದ್ದು ಗುಡಿಯ ಕಟ್ಟೆಗೇ ಬಂದು ಕೂತರು. ಆಕೆ ಅಂದು ಹಾಡು ನಿಂತಲ್ಲಿಂದಲೇ, ಮುಖ ತೊಳೆಸುವ ನುಡಿಯಿಂದಲೇ ಶುರುಮಾಡಿದಳು. ಹಾಡು ಮುಗಿದ ಮೇಲೆ ಎಲ್ಲರೂ ಎದ್ದು ಒಟ್ಟಿಗೇ ಮಗ್ಗಕ್ಕೆ ನಡೆದರು.

ಹೊಸ ರೆಸಿಸ್ಟರು ಕೂತಿತು. ಗೂಳಪ್ಪ ಅದನ್ನು ವಾಲ್ವುಗಳಿಂದ ದೂರ, ತಗಡಿನ ಪಟ್ಟಿಯ ಮೇಲೆ ಕೂರಿಸಿದ. ಮರದ ಪೆಟ್ಟಿಗೆಯ ಮೇಲೆ, ಹಿಂದೆ, ಜಾಲರಿ ಕಿಂಡಿ ತೆಗೆದ. ಗುಡಿಯಲ್ಲಿ ಅದರ ಜಾಗದಲ್ಲೇ ಇಟ್ಟ. ಅಷ್ಟರಲ್ಲಿ ಕಾಶವ್ವ ಮತ್ತೊಂದು ಹೊಸ ಬಟ್ಟೆ ಹಿಡಿದು ಬಂದಳು. ಕುಂಕುಮ ಬಣ್ಣದ್ದೇ.

"ಹೊದಿಸಬ್ಯಾಡ ಅಂದ್ರ ಹೆಂಗಪಾ?" ಆಕೆಯ ಮುಖ ಸಣ್ಣದಾಗಿತ್ತು. "ಬರಿಮೈಲೆ ಕುಂದರಸೂದೇನು? ಮರ್‍ಯಾದಿ ಬ್ಯಾಡೇನು?"

ಸಾವಂತ್ರೆವ್ವ ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಮಣೆಯ ಮೇಲೆ ಅಗಲವಾಗಿ ಹಾಸಿದಳು. "ಇದರ ಮ್ಯಾಲೆ ಇಡು," ಅಂದಳು. "ದೊಡ್ಡವರು ಬಂದ್ರ ಹಾಸತೀವಲ್ಲ, ಹಂಗ."

ಪೆಟ್ಟಿಗೆ ಬಟ್ಟೆಯ ಮೇಲೆ ಕೂತಿತು. ಬಿಸಿ ತನ್ನ ಪಾಡಿಗೆ ಮೇಲಕ್ಕೆ ಹೋಯಿತು. ಪೂರ್ತಿ ಹಾಡು ನಡೆಯಿತು, ನಡುವೆ ಎಲ್ಲೂ ನಿಲ್ಲಲಿಲ್ಲ. ಮುಗಿದ ಮೇಲೆ ಗೂಳಪ್ಪ ಕರೆಂಟು ಆರಿಸಿ, ಎಡಗೈ ಬೆನ್ನಿಗೆ ಸಿಕ್ಕಿಸಿ, ಭೂಮಿತಾಯಿಗೆ ಎರಡು ಸಲ ಒಪ್ಪಿಸಿ, ಕೈಯ ಹಿಂಬದಿ ಒಯ್ದು ನೋಡಿದ. ಬಾಗಿಲಲ್ಲಿ ನಿಂತಿದ್ದ ಮೋನಪ್ಪನವರು ಕೇಳಿದರು:

"ಹೆಂಗೈತಿ?"

"ಜ್ವರ ಇಲ್ರೀ ಗುರುಗಳೇ."

ಮೋನಪ್ಪನವರು ಒಳಗೆ ಬಂದು ಮಲ್ಲಯ್ಯನಿಗೆ ಸಾಷ್ಟಾಂಗ ಹಾಕಿದರು. ಅವರಿಗೆ ಮೊಳಕಾಲು ನೋವಿತ್ತು. ಏಳುವುದಕ್ಕೆ ಶಿಷ್ಯ ಕೈ ಕೊಟ್ಟ.

ಸಾವಂತ್ರೆವ್ವ ಕಡೆಯ ದಿನದ ತನಕ ಹಾಡಿದಳು. ಈಗ ಆಕೆ ಇಲ್ಲ, ಮೋನಪ್ಪನವರಿಲ್ಲ. ಕುಣಿಮಗ್ಗಗಳ ಸದ್ದು ಒಂದೆರಡು ಮನೆಯಲ್ಲಿ ಉಳಿದಿದೆ. ಗಾಜಿನ ವಾಲ್ವುಗಳ ಆ ಕೆಂಡದಂಥ ಬೆಳಕನ್ನು ಈಗಿನ ಮಕ್ಕಳು ನೋಡಿಯೇ ಇಲ್ಲ. ಆದರೆ ಆ ಊರಿಗೆ ನೀವು ಎಂದಾದರೂ ಹೋದರೆ ನೋಡಿ. ಹೊಸ ಟಿವಿ ಬರಲಿ, ಫ್ರಿಜ್ಜು ಬರಲಿ, ಅದಕ್ಕೆ ಬಟ್ಟೆ ಹೊದಿಸುವುದಿಲ್ಲ, ಕೆಳಗೆ ಹಾಸುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಮನೆಯ ಹಿರಿಯ ಹೆಂಗಸೊಬ್ಬಳು ಬಂದು, ಕೈಯ ಹಿಂಬದಿಯನ್ನು ಮೆಲ್ಲಗೆ ಅದರ ಮೈಗೆ ತಾಗಿಸಿ ನೋಡುತ್ತಾಳೆ. ಯಾಕೆ ಎಂದು ಕೇಳಿದರೆ, "ಜ್ವರ ಐತೇನೋ ಅಂತ," ಅನ್ನುತ್ತಾಳೆ.

ನೀತಿ: ದೇವರಿಗೆ ಒಪ್ಪಿಸುವ ಕೆಲಸವನ್ನು ಮೊದಲು ಚೆನ್ನಾಗಿ ಪರೀಕ್ಷಿಸಿ ಒಪ್ಪಿಸಬೇಕು; ಭಾರ ಹೊರುವ ವಸ್ತುವಿನ ಬಿಸಿಗೆ ಹೊರಹೋಗುವ ದಾರಿ ಇದೆಯೇ ಎಂದು, ಅದು ಇರುವ ಜಾಗದಲ್ಲೇ ನೋಡಬೇಕು. ಹೊಗಳಿಕೆಯ ಬೆಚ್ಚನೆಗೆ ಮರುಳಾಗಿ ಸತ್ಯವನ್ನು ಮುಚ್ಚಬಾರದು. ನಮ್ಮ ತಪ್ಪನ್ನು ದೇವರ ಇಚ್ಛೆ ಎಂದು ಯಾರಾದರೂ ನಂಬಿ ನೊಂದಿದ್ದರೆ, ಅವರ ಬಳಿಗೆ ಹೋಗಿ "ಅದು ನಾನು" ಎಂದು ಹೇಳುವುದೂ ಒಂದು ಪೂಜೆಯೇ.

ಕೇಳಿದ ನಿಮ್ಮೆಲ್ಲರನ್ನೂ ಸ್ವಾಮಿ ಮಲ್ಲಯ್ಯ ಚೆನ್ನಾಗಿಟ್ಟಿರಲಿ. ಮನೆಯಲ್ಲಿ ಮೌನವಾಗಿ ಭಾರ ಹೊರುತ್ತಿರುವವರ ಹಣೆಯನ್ನು ಇವತ್ತು ಒಮ್ಮೆ ಮುಟ್ಟಿ ನೋಡುವ ಬುದ್ಧಿಯನ್ನು ನಿಮಗೆ ಕೊಡಲಿ. ನಿಮ್ಮ ಕೈ ಮಾಡಿದ್ದು ಬಹುಕಾಲ ಬಾಳಲಿ, ನಿಮ್ಮ ದನಿ ಕೊನೆಯ ಓಣಿಯ ತನಕ ಕೇಳಲಿ.